ಒಂದು ವರ್ಷಕ್ಕೆಂದು ಹೊರಟವರು

ಭೀಮೆಯನ್ನು ದಾಟಿ ಪುಣೆಗೆ ಬಂದು ನೆಲೆಸಿದ ನಮ್ಮವರಿಗೆ ಪರದೇಶವೆಂಬ ಮಾತು ಹೊಸದಲ್ಲ. ವಿಜಾಪುರ, ಧಾರವಾಡ, ಬಾಗಲಕೋಟೆಗಳಿಂದ ನೌಕರಿಗೆಂದು ಗಂಟುಮೂಟೆ ಕಟ್ಟಿಕೊಂಡು ಹೊರಟ ದಿನವೇ ನಮ್ಮ ಹಿರಿಯರು ಅರ್ಧ ಪರದೇಶಿಗಳಾದರು. ಉಳಿದ ಅರ್ಧವನ್ನು ಅವರ ಮೊಮ್ಮಕ್ಕಳು ಅಮೇರಿಕೆಯಲ್ಲಿಯೂ ಜರ್ಮನಿಯಲ್ಲಿಯೂ ಪೂರೈಸುತ್ತಿದ್ದಾರೆ. ಹೆಚ್ಚಿನ ಸಂಬಳಕ್ಕಾಗಿ ಹೋಗುವ ಹುಡುಗನನ್ನು ನಾವಾರೂ ಏಕೆಂದು ಕೇಳುವುದಿಲ್ಲ. ಸತ್ಯನಾರಾಯಣ ಪೂಜೆ ಮಾಡಿಸಿ, ಪೇಢೆ ಹಂಚಿ, ವಿಮಾನ ನಿಲ್ದಾಣದವರೆಗೆ ಹೋಗಿ ಬೀಳ್ಕೊಟ್ಟು ಬರುತ್ತೇವೆ. ಆದರೆ ಮೂವತ್ತೈದು ದಾಟಿದ ಸಂಸಾರಸ್ಥನೊಬ್ಬ, ಇದ್ದ ಸಂಬಳವನ್ನೂ ಬಿಟ್ಟು, ಬರಗಾಲ ಬಿದ್ದ ಯಾವುದೋ ನಾಡಿಗೆ ಒಂಬತ್ತು ತಿಂಗಳ ಮಟ್ಟಿಗೆ ಸೇವೆಗೆಂದು ಹೋಗಿ ಬರುತ್ತೇನೆ ಎಂದನೆನ್ನಿ, ಆಗ ಮಾತ್ರ ಎಲ್ಲರಿಗೂ ಅವನ ಆರೋಗ್ಯದ ಚಿಂತೆ ಹತ್ತುತ್ತದೆ.

ಕಳೆದ ಮೂರು ತಿಂಗಳಿಂದ ನಮ್ಮ ಆರೋಗ್ಯದ ಬಗೆಗೂ ಬಂಧುಗಳು ಹೀಗೆಯೇ ವಿಚಾರಿಸುತ್ತಿದ್ದಾರೆ. ಪರಿಹಾರ ಕಾರ್ಯದ ಸಂಸ್ಥೆಯೊಂದು ದಕ್ಷಿಣ ಸುಡಾನಿಗೆ ಲೆಕ್ಕಪತ್ರ ಮತ್ತು ಉಗ್ರಾಣ ನೋಡಿಕೊಳ್ಳುವವರು ಬೇಕೆಂದು ಕರೆ ಕೊಟ್ಟಿತ್ತು. ನಾವು ಅರ್ಜಿ ಹಾಕಿದೆವು. ಅವರು ಎರಡು ಸಲ ಸಂದರ್ಶನ ಮಾಡಿ, ಬರುವುದಾದರೆ ತಿಳಿಸಿರಿ ಎಂದು ಬರೆದರು. ಅಂದಿನಿಂದ ನಮ್ಮ ಎರಡು ಕೋಣೆಯ ಮನೆಯಲ್ಲಿ ಈ ಒಂದೇ ಮಾತು. ನಮ್ಮ ಮನೆಯ ವಿಚಾರ ಆಮೇಲೆ ಹೇಳುತ್ತೇವೆ. ಅದಕ್ಕೆ ಮೊದಲು, ಇಂಥದೇ ಒಂದು ಮಾತು ನಮ್ಮ ನೆರೆಯ ಸೊಲ್ಲಾಪುರದ ಒಂದು ಮನೆಯಲ್ಲಿ 1938ರಲ್ಲಿ ನಡೆದಿತ್ತು, ಅದನ್ನು ಹೇಳಲೇಬೇಕು.

ಸೊಲ್ಲಾಪುರವೆಂದರೆ ನಮಗೆ ಪರಕೀಯವಲ್ಲ. ಸಿದ್ಧರಾಮೇಶ್ವರರ ಸೊನ್ನಲಿಗೆ ಅದು. ಇಂದಿಗೂ ಅಲ್ಲಿಯ ಪೇಟೆಯಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುತ್ತವೆ. 1930ರಲ್ಲಿ ಬ್ರಿಟಿಷರು ಲಷ್ಕರಿ ಕಾನೂನು ಹೇರಿದ ಊರು ಅದು. ಅದರ ಬೆನ್ನಿಗೆ ಮಲ್ಲಪ್ಪ ಧನಶೆಟ್ಟಿಯವರೂ ಇನ್ನು ಮೂವರೂ 1931ರ ಜನವರಿ 12ರಂದು ಇದೇ ಪುಣೆಯ ಯೆರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದರು. ನಮ್ಮವರು ಪುಣೆಯಿಂದ ಊರ ಕಡೆಗೆ ಹೊರಟಾಗ ಹತ್ತುವ ಹುತಾತ್ಮಾ ಎಕ್ಸ್‌ಪ್ರೆಸ್ಸಿನ ಹೆಸರು ಅವರ ನೆನಪಿನದು. ಆ ಊರಿನಲ್ಲಿ 1910ರ ಅಕ್ಟೋಬರ್ 10ರಂದು ಹುಟ್ಟಿದವರು ದ್ವಾರಕಾನಾಥ ಶಾಂತಾರಾಮ ಕೋಟ್ನಿಸ್. ಇಬ್ಬರು ಸಹೋದರರು, ಐವರು ಸಹೋದರಿಯರು ಇದ್ದ ತುಂಬಿದ ಮಧ್ಯಮ ವರ್ಗದ ಮನೆ. ಹುಡುಗ ಮುಂಬಯಿಯ ಸೇಠ್ ಜಿ. ಎಸ್. ಮೆಡಿಕಲ್ ಕಾಲೇಜಿನಲ್ಲಿ ವೈದ್ಯನಾದ; ಮುಂದಿನ ಓದಿನ ತಯಾರಿಯಲ್ಲಿದ್ದ. ಎಂಟು ಮಕ್ಕಳ ಮನೆಯಲ್ಲಿ ಒಬ್ಬ ಡಾಕ್ಟರನಾದನೆಂದರೆ ಮನೆಯವರೆಲ್ಲರ ಕಣ್ಣು ಯಾರ ಮೇಲಿರುತ್ತದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಬಂತು ಚೀನದ ಕರೆ. 1937ರಲ್ಲಿ ಜಪಾನು ಚೀನದ ಮೇಲೆ ಏರಿಹೋಗಿತ್ತು. ಗಾಯಾಳುಗಳ ಉಪಚಾರಕ್ಕೆ ವೈದ್ಯರನ್ನು ಕಳುಹಿಸಿರೆಂದು ಚೀನೀ ಸೇನಾನಿ ಝೂ ದೆ ಅವರು ಜವಾಹರಲಾಲ ನೆಹರೂ ಅವರಿಗೆ ಬರೆದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶಕ್ಕೆ ಮನವಿ ಮಾಡಿ ಸುಮಾರು 22,000 ರೂಪಾಯಿ ಕೂಡಿಸಿದರು. ತಾನೇ ದಾಸ್ಯದಲ್ಲಿದ್ದ ದೇಶ, ಇನ್ನೊಂದು ದೇಶದ ಗಾಯಕ್ಕೆ ಪಟ್ಟಿ ಕಟ್ಟಲು ಹೊರಟಿತು! ಅಲಹಾಬಾದಿನ ಡಾ. ಅಟಲ್ ಮುಖಂಡರು, ನಾಗಪುರದ ಡಾ. ಚೋಳಕರ್, ಕಲಕತ್ತೆಯ ಡಾ. ಬಸು ಮತ್ತು ಡಾ. ಮುಖರ್ಜಿ, ಸೊಲ್ಲಾಪುರದ ಡಾ. ಕೋಟ್ನಿಸ್, ಹೀಗೆ ಐವರು. 1938ರ ಸೆಪ್ಟೆಂಬರ್ 1ರಂದು ಮುಂಬಯಿಯಿಂದ ಹಡಗು ಹೊರಟಿತು. ಮಾತು ಆದದ್ದು ಒಂದು ವರ್ಷಕ್ಕೆ.

ಮುಂದಿನದು ಅನೇಕರಿಗೆ ಗೊತ್ತಿದೆ. 1939ರ ಫೆಬ್ರವರಿಯಲ್ಲಿ ತಂಡ ಯೆನಾನಿಗೆ ತಲುಪಿತು. ಕೋಟ್ನಿಸರು ಎಂಟನೆಯ ಮಾರ್ಗ ಸೇನೆಯ ಜತೆಗೆ ಗುಡ್ಡಗಾಡಿನ ರಣರಂಗಗಳಲ್ಲಿ ಕೆಲಸ ಮಾಡಿದರು. ಒಮ್ಮೆ 72 ಗಂಟೆಗಳ ಕಾಲ ಬಿಡುವಿಲ್ಲದೆ ಶಸ್ತ್ರಚಿಕಿತ್ಸೆ ನಡೆಸಿದರೆಂದು ಹೇಳುತ್ತಾರೆ. ಕೆನಡಾದ ವೈದ್ಯ ನಾರ್ಮನ್ ಬೆಥೂನರು 1939ರಲ್ಲಿ ಅಲ್ಲಿಯೇ ತೀರಿಕೊಂಡಿದ್ದರು. ಅವರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಕೋಟ್ನಿಸರು ಮುಖ್ಯಸ್ಥರಾದರು. ಚೀನೀ ಭಾಷೆ ಕಲಿತು ಆ ಭಾಷೆಯಲ್ಲಿಯೇ ಪಾಠ ಹೇಳಿದರು. ಅದೇ ವರ್ಷ ಗುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. 1942ರ ಆಗಸ್ಟಿನಲ್ಲಿ ಗಂಡು ಮಗು. ಹೆಸರು ಯಿನ್‌ಹುವಾ, ಅಂದರೆ ಭಾರತ-ಚೀನ. ಆ ವರ್ಷದ ಡಿಸೆಂಬರ್ 9ರಂದು ಅಪಸ್ಮಾರ ವ್ಯಾಧಿ ಉಲ್ಬಣಿಸಿ ಅವರು ತೀರಿಕೊಂಡರು. ಮೂವತ್ತೆರಡು ವರ್ಷ ಆಗಷ್ಟೇ ತುಂಬಿತ್ತು.

ಇದರ ನಡುವೆ ಒಂದು ಸಂಗತಿಯಿದೆ. ವೀರಗಾಥೆ ಬರೆಯುವವರು ಅದನ್ನು ಒಂದು ಸಾಲಿನಲ್ಲಿ ದಾಟಿ ಹೋಗುತ್ತಾರೆ. ಸಂಸಾರಸ್ಥರಾದ ನಮಗೆ ಅಲ್ಲಿಂದ ಕಾಲು ಕೀಳುವುದಾಗುವುದಿಲ್ಲ. ಕೋಟ್ನಿಸರು ಚೀನದಲ್ಲಿದ್ದಾಗಲೇ ಸೊಲ್ಲಾಪುರದಲ್ಲಿ ಅವರ ತಂದೆ ತೀರಿಕೊಂಡರು. ಸುದ್ದಿ ಮುಟ್ಟಿತು; ಮಗ ಬರಲಿಲ್ಲ. ಬರುವುದೇನು ಸುಲಭದ ಮಾತೂ ಆಗಿರಲಿಲ್ಲ: ಹಡಗಿನ ಕಾಲ, ಯುದ್ಧದ ಕಾಲ, ಹೊರಟು ಮುಟ್ಟುವುದರಲ್ಲಿ ಹದಿಮೂರನೆಯ ದಿನವೆಂಬುದು ಎಂದೋ ಮುಗಿದಿರುತ್ತಿತ್ತು. ಆದರೂ ಆ ಮನೆಯ ತಾಯಿ, ಮದುವೆಗೆ ಬಂದ ತಂಗಿಯರು, ತಮ್ಮಂದಿರು ಆ ದಿನಗಳನ್ನು ಹೇಗೆ ಕಳೆದಿರಬೇಕು? ಅದನ್ನು ಯಾವ ಸ್ಮಾರಕದ ಕಲ್ಲಿನ ಮೇಲೂ ಕೆತ್ತುವುದಿಲ್ಲ.

ಇನ್ನೊಂದು ಮಾತು. ಐವರಲ್ಲಿ ನಾಲ್ವರು ತಿರುಗಿ ಬಂದರು. ಅವರೂ ಅದೇ ಹಡಗಿನಲ್ಲಿ ಹೋದವರು, ಅದೇ ಬಾಂಬುಗಳ ಕೆಳಗೆ ಗಾಯ ಹೊಲಿದವರು. ಕೊನೆಯವರಾದ ಡಾ. ಬಸು 1943ರವರೆಗೂ ಅಲ್ಲಿದ್ದರು. ಆದರೆ ಖ್ವಾಜಾ ಅಹಮದ ಅಬ್ಬಾಸರು ಪುಸ್ತಕ ಬರೆದದ್ದು ತಿರುಗಿ ಬಾರದ ಒಬ್ಬರನ್ನು ಕುರಿತು. ಅದನ್ನು ಆಧರಿಸಿ 1946ರಲ್ಲಿ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ ಎಂಬ ಬೋಲಪಟ ತೆಗೆದವರು ವ್ಹಿ. ಶಾಂತಾರಾಮರು, ಮುಂಬಯಿಯಲ್ಲಿ ಸ್ವಂತ ಸಂಸ್ಥೆ ಕಟ್ಟುವ ಮೊದಲು ಅವರು ನಮ್ಮ ಪುಣೆಯ ಪ್ರಭಾತ ಕಂಪನಿಯಲ್ಲಿದ್ದವರು. (ಆ ಪ್ರಭಾತದ ಆವಾರದಲ್ಲಿಯೇ ಈಗ ಫಿಲ್ಮ್ ಇನ್ಸ್ಟಿಟ್ಯೂಟ್ ಇದೆ.) ಹೇಳಿದ ಅವಧಿಗೆ ಹೋಗಿ, ಕೆಲಸ ಮಾಡಿ, ಮನೆಗೆ ಮರಳಿದವರ ಮೇಲೆ ಯಾರೂ ಬೋಲಪಟ ತೆಗೆಯುವುದಿಲ್ಲ. ನಮ್ಮಂಥವರು ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಬೇಕಾದದ್ದು ಮಾತ್ರ ಆ ನಾಲ್ವರನ್ನು ಎಂದು ನಮ್ಮ ನಮ್ರ ಅಭಿಪ್ರಾಯ. ಕೋಟ್ನಿಸರಿಗೆ ಕೈ ಮುಗಿಯೋಣ. ಆದರೆ ಮನೆಯಲ್ಲಿ ವಯಸ್ಸಾದ ತಾಯಿ ಇರುವವನು ಡಾ. ಬಸು ಅವರ ಹಾದಿಯನ್ನು ಕೇಳಿಕೊಳ್ಳುವುದು ಒಳಿತು.

ಹೀಗೆ ಅವಧಿಯ ಕೆಲಸಕ್ಕೆ ಹೋದವರು ನಮ್ಮ ನಾಡಿನಲ್ಲಿಯೂ ಇದ್ದಾರೆ. ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಕ್ಕೆ ಹೋದದ್ದು ಯುದ್ಧ ಮಾಡಲಿಕ್ಕಲ್ಲ. ಸ್ವದೇಶಕ್ಕೆ ಮರಳಲು ಒಲ್ಲೆವೆಂದ 22,000ಕ್ಕೂ ಮಿಕ್ಕಿದ ಯುದ್ಧಕೈದಿಗಳ ಭವಿತವ್ಯವನ್ನು ನಿರ್ಣಯಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ. ಕೆಲವೇ ತಿಂಗಳ ಕೆಲಸ. ಮುಗಿಸಿ 1954ರಲ್ಲಿ ಮರಳಿದರು. ನಿವೃತ್ತಿಯ ನಂತರ 1964ರಲ್ಲಿ ವಿಶ್ವಸಂಸ್ಥೆ ಮತ್ತೆ ಕರೆಯಿತು, ಸೈಪ್ರಸಿಗೆ ಹೋದರು, 1965ರ ಡಿಸೆಂಬರಿನಲ್ಲಿ ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಒಂದೇ ಮನುಷ್ಯ, ಒಮ್ಮೆ ಮರಳಿ ಬಂದರು, ಒಮ್ಮೆ ಬರಲಿಲ್ಲ.

ಇವರೆಲ್ಲ ವೈದ್ಯರು, ಸೇನಾಪತಿಗಳು; ಗುಮಾಸ್ತನಿಗೆ ಅಲ್ಲೇನು ಕೆಲಸ ಎಂದು ಕೇಳುವವರಿದ್ದಾರೆ. ನಮ್ಮ ಕಛೇರಿಯ ಮಿತ್ರರೊಬ್ಬರು, “ಅಲ್ಲಿಯೂ ಹೋಗಿ ಫಾಯಿಲು ನೋಡುವುದೇ?” ಎಂದು ನಕ್ಕರು. ಹೌದು, ಅದೇ. 1971ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ 1999ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯೇ ಇರಲಿ, 1970ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಯ ಸ್ವಯಂಸೇವಕ ವಿಭಾಗವೇ ಇರಲಿ, ವೈದ್ಯರಷ್ಟೇ ಅಗತ್ಯವಾಗಿ ಲೆಕ್ಕ ಬರೆಯುವವರನ್ನೂ, ಉಗ್ರಾಣ ಕಾಯುವವರನ್ನೂ, ನೀರಿನ ಕೊಳವೆ ಜೋಡಿಸುವವರನ್ನೂ ಕರೆಯುತ್ತವೆ. ಮೊದಲ ಸಲ ಹೋಗುವವರಿಗೆ ಸಾಧಾರಣವಾಗಿ ಆರು ತಿಂಗಳಿಂದ ಒಂದು ವರ್ಷದ ಅವಧಿ. ಶಸ್ತ್ರವೈದ್ಯರಿಗೆ ಇನ್ನೂ ಕಡಿಮೆ. ಕೊಡುವುದು ಸಂಬಳವೆನ್ನುವುದಕ್ಕಿಂತ ಜೀವನಭತ್ಯೆ.

ದಕ್ಷಿಣ ಸುಡಾನಿನ ಉದಾಹರಣೆ ನೋಡಿರಿ. 2011ರ ಜುಲೈ 9ರಂದು ಸ್ವತಂತ್ರವಾದ ದೇಶ, 2013ರಿಂದ ಅಂತಃಕಲಹ, 2017ರಲ್ಲಿ ಅದರ ಒಂದು ಭಾಗದಲ್ಲಿ ಕ್ಷಾಮವನ್ನೇ ಘೋಷಿಸಬೇಕಾಯಿತು. ಅಲ್ಲಿ ಮಳೆಗಾಲ ಹಿಡಿಯಿತೆಂದರೆ ಮಣ್ಣಿನ ರಸ್ತೆಗಳು ಮುಚ್ಚಿಹೋಗಿ ಊರುಗಳು ದ್ವೀಪಗಳಾಗುತ್ತವೆ. ನಮ್ಮ ಎರೆಭೂಮಿಯಲ್ಲಿ ಚಕ್ಕಡಿ ಹೂತು ನಿಂತದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಧಾನ್ಯ, ಔಷಧ, ಹೊದಿಕೆಗಳನ್ನು ಮಳೆಗೆ ಮೊದಲೇ ಅಲ್ಲಲ್ಲಿ ಒಯ್ದು ದಾಸ್ತಾನು ಮಾಡಬೇಕು. ತಪ್ಪಿದರೆ ವಿಮಾನದಿಂದ ಇಳಿಸಬೇಕು. ಅದರ ಖರ್ಚು ಹಲವು ಪಟ್ಟು. ಲಸಿಕೆಯನ್ನು ಕಾರ್ಖಾನೆಯಿಂದ ಮಗುವಿನ ತೋಳಿನವರೆಗೆ 2ರಿಂದ 8 ಡಿಗ್ರಿ ತಂಪಿನಲ್ಲಿಯೇ ಇಡಬೇಕು. ತೀರ ಬಡಕಲಾದ ಕೂಸುಗಳಿಗೆ ಕೊಡುವ ಆಹಾರ ಪೊಟ್ಟಣಗಳಿವೆ. ಒಂದೊಂದು 92 ಗ್ರಾಮು, ಐನೂರು ಕ್ಯಾಲರಿ. ಒಳಗೆ ಏನಿರುತ್ತದೆನ್ನುವಿರಿ? ಶೇಂಗಾ ಅರೆದದ್ದು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳು. ನೀರು ಬೇಡ, ಒಲೆ ಬೇಡ. ತಾಯಿ ಮನೆಯಲ್ಲಿಯೇ ತಿನ್ನಿಸಬಹುದು. ಒಬ್ಬ ಫ್ರೆಂಚ್ ವೈದ್ಯರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಈಗ ಆಲೋಚಿಸಿರಿ: ಉಗ್ರಾಣದ ಪುಸ್ತಕದಲ್ಲಿ ನಾಲ್ಕು ನೂರು ಪೆಟ್ಟಿಗೆ ಎಂದಿದ್ದು, ಕೋಣೆಯಲ್ಲಿ ಮುನ್ನೂರೇ ಇದ್ದರೆ, ಅದು ಬಯಲಾಗುವುದು ಮಳೆ ಹತ್ತಿ ರಸ್ತೆ ಮುಚ್ಚಿದ ಮೇಲಾದರೆ? ಹದಿಮೂರು ವರ್ಷ ಸರಕಾರಿ ದಾಸ್ತಾನು ಪುಸ್ತಕ ಬರೆದ ಕೈಗೆ ಅಲ್ಲಿ ಕೆಲಸವಿಲ್ಲವೆಂದು ಹೇಳಬೇಡಿರಿ. ಲೆಡ್ಜರಿನ ಒಂದು ಸಾಲು ಒಂದು ಕೂಸಿನ ಊಟವಾಗುವ ಸ್ಥಳ ನಮ್ಮ ವೃತ್ತಿಯಲ್ಲಿ ಎಷ್ಟು ಸಲ ಸಿಗುತ್ತದೆ?

ಅಪಾಯವಿಲ್ಲವೆಂದೂ ಹೇಳುವಂತಿಲ್ಲ. 2003ರ ಆಗಸ್ಟ್ 19ರಂದು ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ಕಛೇರಿಯ ಬಳಿ ಬಾಂಬು ಸಿಡಿದು 22 ಜನ ಸತ್ತರು. ಅಂದಿನ ನೆನಪಿಗೆ ಆ ದಿನವನ್ನು ಮಾನವೀಯ ಸೇವಾ ದಿನವೆಂದು ಆಚರಿಸುತ್ತಾರೆ. 2024ರಲ್ಲಿ ಪ್ರಪಂಚದಾದ್ಯಂತ 380ಕ್ಕೂ ಹೆಚ್ಚು ಪರಿಹಾರ ಕಾರ್ಯಕರ್ತರು ಹತರಾದರು. ಅವರಲ್ಲಿ ಬಹುತೇಕರು ಹೊರಗಿನಿಂದ ಹೋದವರಲ್ಲ, ಆಯಾ ದೇಶದವರೇ. ಅವರಿಗೆ ಒಂಬತ್ತು ತಿಂಗಳಾದ ಮೇಲೆ ಹತ್ತಿ ಬರುವ ವಿಮಾನವಿಲ್ಲ. ಪರದೇಶದಿಂದ ಹೋದವನ ತ್ಯಾಗವನ್ನು ಹೊಗಳುವಾಗ ಇದನ್ನು ಮರೆಯಬಾರದು.

ಇನ್ನು ಸರಕಾರಿ ನೌಕರರಾದ ವಾಚಕರಿಗಾಗಿ ರಜೆಯ ಮಾತು. ಈ ಮೂರು ತಿಂಗಳಲ್ಲಿ 1972ರ ಕೇಂದ್ರ ನಾಗರಿಕ ಸೇವಾ ರಜಾ ನಿಯಮಗಳನ್ನು ನಾವು ಭಕ್ತಿಯಿಂದ ಪಾರಾಯಣ ಮಾಡಿದ್ದೇವೆ. ಗಳಿಕೆ ರಜೆ ವರ್ಷಕ್ಕೆ 30 ದಿನ. 300 ದಿನಗಳವರೆಗೆ ಕೂಡಿಸಿಡಬಹುದು. ಆದರೆ ಒಂದೇ ಸಲಕ್ಕೆ ಸಾಮಾನ್ಯವಾಗಿ 180 ದಿನಕ್ಕಿಂತ ಹೆಚ್ಚು ಕೊಡುವುದಿಲ್ಲ. ಅರ್ಧ ವೇತನದ ರಜೆ ವರ್ಷಕ್ಕೆ 20 ದಿನ. ಇವೆರಡೂ ಸಾಲದಿದ್ದರೆ ಸಂಬಳವಿಲ್ಲದ ಅಸಾಧಾರಣ ರಜೆ ಎಂಬುದಿದೆ. ಖಾಸಗಿ ಕಾರಣಕ್ಕೆ ಅದನ್ನು ಪಡೆದರೆ ಆ ಅವಧಿ ವಾರ್ಷಿಕ ಬಡ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. ಮತ್ತು ರಜೆಯಲ್ಲಿದ್ದಾಗ ಬೇರೆಲ್ಲಿಯಾದರೂ ಭತ್ಯೆಯ ಕೆಲಸ ಹಿಡಿಯಬೇಕಾದರೆ ಮುಂಚಿತ ಅನುಮತಿ ಬೇಕೇ ಬೇಕು; ಪರದೇಶಕ್ಕೆ ಹೋಗಲು ಪ್ರತ್ಯೇಕವಾಗಿ ಬೇಕು. “ರಜೆ ಹಾಕಿ ಹೋಗಿಬಿಡುತ್ತೇನೆ” ಎನ್ನುವ ತರುಣ ಮಿತ್ರರು ಇದನ್ನು ಚೆನ್ನಾಗಿ ಓದಿಕೊಳ್ಳಬೇಕು. ರಜೆ ಹಕ್ಕಲ್ಲ, ಕಛೇರಿಯ ಕೆಲಸಕ್ಕೆ ಅಡ್ಡಿಯಾಗುವುದಾದರೆ ಮೇಲಧಿಕಾರಿಗಳು ನಿರಾಕರಿಸಬಹುದು.

ಕಛೇರಿಯ ಕಾಗದವೇನೋ ನಿಯಮ ನೋಡಿ ನಡೆಯುತ್ತದೆ. ಮನೆಯ ಕಾಗದಕ್ಕೆ ನಿಯಮ ಪುಸ್ತಕವಿಲ್ಲ.

ನಮ್ಮ ಮನೆಯಲ್ಲಿ ಎಪ್ಪತ್ತೆರಡರ ಅವ್ವ ಇದ್ದಾರೆ. ಸಕ್ಕರೆ ಬೇನೆ, ಮೊಣಕಾಲು ನೋವು. ನಾಲ್ಕನೆಯ ಇಯತ್ತೆಯ ಮಗಳಿದ್ದಾಳೆ. ಬ್ಯಾಂಕಿನ ಮನೆಸಾಲಕ್ಕೆ ಇನ್ನೂ ಹನ್ನೊಂದು ವರ್ಷದ ಕಂತುಗಳಿವೆ. ತಂಗಿಯ ಲಗ್ನ ನಿಶ್ಚಯವಾಗಿದೆ, ವೈಶಾಖದಲ್ಲಿ ಮುಹೂರ್ತ. ಅಣ್ಣನವರು ವಿಜಾಪುರದಲ್ಲಿ ಹೊಲ ನೋಡಿಕೊಂಡಿದ್ದಾರೆ. ಸುಗ್ಗಿ ಬಿಟ್ಟು ಬರುವಂತಿಲ್ಲ. ಇಷ್ಟನ್ನೂ ತಿಳಿದೇ ಅರ್ಜಿ ಹಾಕಿದ್ದೇಕೆಂದರೆ, ಹತ್ತು ವರ್ಷದಿಂದ ಮನಸ್ಸಿನಲ್ಲಿದ್ದ ಮಾತು ಇದು. ಇನ್ನು ಹತ್ತು ವರ್ಷ ಬಿಟ್ಟರೆ ಮಗಳ ಕಾಲೇಜು, ನಮ್ಮದೇ ಸಕ್ಕರೆ ಬೇನೆ. ಸಂಸಾರದಲ್ಲಿ ಬಿಡುವಿನ ವರ್ಷವೆಂಬುದು ಪಂಚಾಂಗದಲ್ಲಿ ಇಲ್ಲ.

ನಮ್ಮ ಮನೆಯವರು ಶಾಲೆಯಲ್ಲಿ ಶಿಕ್ಷಕಿ. ಮೊದಲ ವಾರ ಏನೂ ಮಾತಾಡಲಿಲ್ಲ. ಎರಡನೆಯ ವಾರ ಮಗಳ ಹಳೆಯ ವಹಿ ತೆಗೆದುಕೊಂಡು ಪೆನ್ಸಿಲಿನಿಂದ ಬರೆಯತೊಡಗಿದರು. ಕಂತು ಎಷ್ಟು, ಅವ್ವನ ಔಷಧ ಎಷ್ಟು, ಶಾಲೆಯ ರಿಕ್ಷಾ ಎಷ್ಟು, ಭತ್ಯೆಯಲ್ಲಿ ಎಷ್ಟು ಉಳಿದೀತು. ತಿಂಗಳಿಗೆ ಹನ್ನೆರಡು ಸಾವಿರ ತೂತು ಬಿತ್ತು. ಒಂಬತ್ತು ತಿಂಗಳಿಗೆ ಒಂದು ಲಕ್ಷ ಎಂಟು ಸಾವಿರ.

“ಇದನ್ನ ಹ್ಯಾಂಗರೆ ತುಂಬಸೂಣು,” ಎಂದರು. “ನನ್ನ ಹಂತೇಕ ಒಂದಿಷ್ಟು ಠೇವು ಅದ. ರೊಕ್ಕದ ಚಿಂತಿ ಅಲ್ಲರಿ. ರಾತ್ರಿ ಎರಡಕ್ಕ ಅತ್ತಿಯವರಿಗೆ ಸಕ್ಕರಿ ಇಳೀತಂದ್ರ, ಅವರನ್ನ ಎತ್ತಿಕೊಂಡು ಮೂರು ಮಜಲಿ ಇಳ್ಯಾವರು ಯಾರು? ಅದನ್ನ ಬರೀರಿ ಈ ವಹಿಯೊಳಗ.”

ನಮ್ಮ ಹತ್ತಿರ ಉತ್ತರವಿರಲಿಲ್ಲ. ನೆರೆಯವರು ಒಳ್ಳೆಯವರೇ, ಆದರೆ ಒಂಬತ್ತು ತಿಂಗಳ ರಾತ್ರಿಗಳನ್ನು ನೆರೆಯವರ ಹೆಸರಿಗೆ ಬರೆದುಕೊಡಲು ಬರುವುದಿಲ್ಲ. ಪುಣೆಯಲ್ಲಿರುವ ನಮ್ಮಂಥ ಮನೆಗಳ ಕಷ್ಟವೇ ಇದು. ಊರಿನಲ್ಲಿದ್ದರೆ ದೊಡ್ಡಪ್ಪನ ಮಕ್ಕಳು, ಸೋದರಮಾವಂದಿರು ಓಣಿಯ ತುಂಬ ಇರುತ್ತಿದ್ದರು. ಇಲ್ಲಿ ಒಬ್ಬ ಗಂಡಸು ಹೊರಟನೆಂದರೆ ಮನೆಯ ಒಂದು ಕಂಬವೇ ಹೊರಟಂತೆ. ಸಂಬಳಕ್ಕಾಗಿ ಕೊಲ್ಲಿದೇಶಗಳಿಗೆ ಹೋದವರ ಮನೆಗಳಲ್ಲಿಯೂ ಇದೇ ರಾತ್ರಿಗಳಿವೆ. ಆದರೆ ಅಲ್ಲಿ ತಿಂಗಳಿಗೊಮ್ಮೆ ಬರುವ ಹಣ ಆ ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ.

ಅವ್ವನವರಿಗೆ ಈ ಸುದ್ದಿಯನ್ನು ನಾವು ಹೇಳಿರಲಿಲ್ಲ, ಮಗಳು ಹೇಳಿದಳು. ಅವ್ವನವರ ತವರು ಅಕ್ಕಲಕೋಟೆ. ಸೊಲ್ಲಾಪುರದ ಕೋಟ್ನಿಸರ ಹೆಸರನ್ನು ಅವರು ಹುಡುಗಿಯಾಗಿದ್ದಾಗಿನಿಂದ ಕೇಳಿದವರು. ಆ ಸಂಜೆ ಕರೆದು ಕೂರಿಸಿಕೊಂಡು, “ಅವನೂ ಒಂದ ವರ್ಸಂತ ಹೋಗಿದ್ದ,” ಎಂದಷ್ಟೇ ಅಂದರು. ನಾವು ನಾಲ್ವರು ತಿರುಗಿ ಬಂದದ್ದನ್ನು ಹೇಳಿದೆವು. “ಆ ನಾಕ ಮಂದಿ ಹೆಸರು ನನಗೆ ಯಾರೂ ಹೇಳಿಲ್ಲಲ್ಲೋ ತಮ್ಮಾ,” ಎಂದರು.

ಆಮೇಲೆ ಎರಡು ದಿನ ಬಿಟ್ಟು ಇನ್ನೊಂದು ಪ್ರಶ್ನೆ ಬಂತು: ಅಲ್ಲಿ ಜನ ಏನು ತಿನ್ನುತ್ತಾರೆ? ಈ ಪ್ರಶ್ನೆಗೆ ಮಾತ್ರ ನಮ್ಮ ಹತ್ತಿರ ತಯಾರು ಉತ್ತರವಿತ್ತು. ಜೋಳ! ಜೋಳದ ತವರೇ ಆಫ್ರಿಕೆಯ ಆ ಈಶಾನ್ಯ ಭಾಗವೆಂದು ಬಲ್ಲವರು ಹೇಳುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ನಮ್ಮ ವಿಜಾಪುರ, ಸೊಲ್ಲಾಪುರಗಳ ಎರೆಹೊಲಕ್ಕೆ ಬಂದದ್ದು. ಅಲ್ಲಿಯ ಜನ ಜೋಳದ ಹಿಟ್ಟನ್ನು ಹುಳಿ ಬರಿಸಿ, ಕಾದ ಹಂಚಿನ ಮೇಲೆ ತೆಳ್ಳಗೆ ಹರಡಿ ‘ಕಿಸ್ರಾ’ ಎಂಬ ರೊಟ್ಟಿ ಮಾಡುತ್ತಾರೆ. ಅವ್ವನವರು ಬಹಳ ಹೊತ್ತು ಸುಮ್ಮನಿದ್ದರು. “ಹುಳಿ ಬರಿಸಿ ಯಾಕ ಮಾಡ್ತಾರ? ಕೈಲೆ ಬಡೀಲಿಕ್ಕೆ ಬರೂದಿಲ್ಲೇನು ಅವರಿಗೆ?” ಎಂದು ಕೇಳಿದರು. ಇದು ಒಪ್ಪಿಗೆಯೋ ಅಲ್ಲವೋ ನಮಗೆ ಇನ್ನೂ ತಿಳಿದಿಲ್ಲ. ಮನೆಯವರು ಒಪ್ಪಿಗೆಯಲ್ಲ ಎನ್ನುತ್ತಾರೆ.

ಸದ್ಯದ ಸ್ಥಿತಿ ಹೀಗಿದೆ. ವೈಶಾಖದ ಲಗ್ನಕ್ಕೆ ಮೊದಲು ಹೊರಡುವುದು ಸಾಧ್ಯವಿಲ್ಲವೆಂದು ಆ ಸಂಸ್ಥೆಗೆ ನಾವು ಬರೆದೆವು. ಒಂಬತ್ತರ ಬದಲು ಆರು ತಿಂಗಳ ಅವಧಿ ಕೊಡಲು ಬರುತ್ತದೆಯೇ ಎಂದೂ ಕೇಳಿದೆವು. ಆರು ತಿಂಗಳಾದರೆ 180 ದಿನದ ಗಳಿಕೆ ರಜೆಯಲ್ಲಿ ಸಂಬಳ ಸಹಿತ ಮುಗಿಯುತ್ತದೆ. ವಹಿಯೊಳಗಿನ ತೂತೂ ಮುಚ್ಚುತ್ತದೆ. ಕೆಲಸ ಕಲಿಯುವುದಕ್ಕೇ ಎರಡು ತಿಂಗಳು ಬೇಕು, ಆರು ತಿಂಗಳಿಗೆ ಬಂದು ಹೋಗುವವನಿಂದ ಅಲ್ಲಿಯವರಿಗೆ ಉಪಯೋಗ ಕಡಿಮೆ ಎಂದು ಅವರು ನೇರವಾಗಿ ಉತ್ತರಿಸಿದರು. ಆ ಮಾತು ನ್ಯಾಯವಾದದ್ದೇ. ಆದರೂ ಮಳೆಗೆ ಮೊದಲಿನ ದಾಸ್ತಾನು ಕೆಲಸಕ್ಕೆ, ಅಂದರೆ ಬರುವ ವರ್ಷದ ಜನವರಿಯಿಂದ ಜೂನಿನವರೆಗೆ, ಹೆಸರನ್ನು ಇಟ್ಟುಕೊಳ್ಳುತ್ತೇವೆ, ದೀಪಾವಳಿಯೊಳಗೆ ಖಚಿತ ತಿಳಿಸಿರಿ ಎಂದಿದ್ದಾರೆ.

ಅಣ್ಣನವರ ಹಿರಿಯ ಮಗ ಬಿ. ಎಸ್ಸಿ. ಮುಗಿಸಿ ಪುಣೆಯಲ್ಲಿ ಪರೀಕ್ಷೆಗಳಿಗೆ ಕೂರಬೇಕೆಂದಿದ್ದಾನೆ. ಅವನು ನಮ್ಮಲ್ಲಿಯೇ ಇರುವುದಾದರೆ ರಾತ್ರಿ ಎರಡರ ಪ್ರಶ್ನೆಗೆ ಎರಡು ತೋಳು ಸಿಕ್ಕಂತಾಯಿತು. ಅವನ ಫಲಿತಾಂಶ ಮುಂದಿನ ತಿಂಗಳು. ನಮ್ಮ ರಜೆಯ ಅರ್ಜಿ ಮೇಲಧಿಕಾರಿಗಳ ಮೇಜಿನ ಮೇಲಿದೆ. ಒಂದು ಟಿಪ್ಪಣಿ ಬರೆದು ಕೆಳಗೆ ಕಳುಹಿಸಿದ್ದರು, ಉತ್ತರ ಬರೆದು ಮತ್ತೆ ಮೇಲೆ ಕಳುಹಿಸಿದ್ದೇವೆ. ಅವ್ವನವರ ಮೊಣಕಾಲನ್ನು ತೋರಿಸಲು ಬರುವ ಶನಿವಾರ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿದೆ. ನಮ್ಮ ಸಂಘದ ಬಂಧುಗಳಲ್ಲಿ ಯಾರ ಮನೆಯವರಾದರೂ ಇಂಥ ಕೆಲಸಕ್ಕೆ ಹೋಗಿ ಬಂದಿದ್ದರೆ, ಹಿಂದೆ ಉಳಿದವರು ಆ ತಿಂಗಳುಗಳನ್ನು ಹೇಗೆ ನಡೆಸಿದರೆಂಬುದನ್ನು ಬರೆದು ತಿಳಿಸಬೇಕೆಂದು ವಿನಂತಿ. ಹೋದವರಿಂದಲ್ಲ, ಉಳಿದವರಿಂದಲೇ ಪತ್ರ ಬರಲಿ ಎಂದು ನಮ್ಮ ಮನೆಯವರ ಸೂಚನೆ.